ಬ್ರೇಕ್ ಹಾಕಿದ್ದು ಯಾರು?

ನಮ್ಮ ಸಂಚಿಕೆಗಳನ್ನು ನಿಮ್ಮಲ್ಲಿ ಬಹಳ ಜನ ಕಾರಿನಲ್ಲೇ ಕೇಳ್ತೀರಿ ಅಂತ ನನಗೆ ಗೊತ್ತು. ಹಾಗೆ ಕೇಳುವಾಗ ನಿಮ್ಮ ಕಾರು ತಾನೇ ಸ್ಟೀರಿಂಗ್ ತಿರುಗಿಸ್ತಾ, ಮುಂದಿನ ಗಾಡಿಯಿಂದ ತಾನೇ ಅಂತರ ಇಟ್ಟುಕೊಳ್ತಾ ಇದ್ದರೆ, ಈ ಬರಹ ನಿಮಗೇ. ಮಾತಿನಲ್ಲಿ ಅವಸರದಲ್ಲಿ ಹೇಳಿ ಮುಗಿಸಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಹೋದ ಬೇಸಿಗೆಯಲ್ಲಿ ಅಮ್ಮ ಊರಿಂದ ಬಂದಿದ್ದಳು. ಲಾಸ್ ಏಂಜಲೀಸ್‌ನಿಂದ ಬೇ ಏರಿಯಾಗೆ ಇಂಟರ್‌ಸ್ಟೇಟ್ 5ರಲ್ಲಿ ವಾಪಸ್ ಬರ್ತಾ ಇದ್ದೆವು. ಆ ರಸ್ತೆ ನಿಮಗೆ ಗೊತ್ತಿರುತ್ತೆ: ನೇರ, ಬಿಸಿಲು, ಎರಡೇ ಲೇನು, ತುಂಬಾ ಲಾರಿಗಳು. ಕಾರಿನ ನೆರವು ವ್ಯವಸ್ಥೆ ಆನ್ ಆಗಿತ್ತು, ವೇಗ ಗಂಟೆಗೆ 70 ಮೈಲಿ. ಮುಂದೆ ಒಂದು ಮೇಲ್ಸೇತುವೆ, ಅದರ ನೆರಳು ರಸ್ತೆಗೆ ಅಡ್ಡವಾಗಿ ಬಿದ್ದಿತ್ತು. ನಮ್ಮ ಮುಂದೆ ಯಾವ ಗಾಡಿಯೂ ಇರಲಿಲ್ಲ. ಕಾರು ಇದ್ದಕ್ಕಿದ್ದಂತೆ ಬ್ರೇಕ್ ಹಾಕಿತು. ಅಮ್ಮನ ತೊಡೆ ಮೇಲಿದ್ದ ಚಿತ್ರಾನ್ನದ ಡಬ್ಬಿ ಕೆಳಗೆ ಬಿತ್ತು. ಹಿಂದೆ ಬರ್ತಿದ್ದ ಲಾರಿಯವನು ಉದ್ದಕ್ಕೆ ಹಾರ್ನ್ ಹೊಡೆದ. ನಾನು ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದೆ, ಕಾರು ಮತ್ತೆ ಸರಿಹೋಯಿತು. ಎಲ್ಲಾ ಸೇರಿ ಎರಡು ಮೂರು ಸೆಕೆಂಡ್ ಅಷ್ಟೆ.

"ಯಾಕೋ ಹಾಗೆ ಬ್ರೇಕ್ ಹಾಕಿದೆ?" ಅಂದಳು ಅಮ್ಮ.

"ನಾನು ಹಾಕಲಿಲ್ಲಮ್ಮ."

"ಮತ್ತೆ ಯಾರು ಹಾಕಿದ್ದು?"

ಡೇಟಾ ಸೈನ್ಸ್‌ನಲ್ಲಿ ಮಾಸ್ಟರ್ಸ್ ಮಾಡಿ ಹತ್ತು ವರ್ಷ ಮಾಡೆಲ್‌ಗಳ ಜೊತೆಗೇ ಕೆಲಸ ಮಾಡಿದವನು ನಾನು. ಅವಳ ಪ್ರಶ್ನೆಗೆ ಒಂದು ಸಾಲಿನ ಉತ್ತರ ಕೊಡೋಕೆ ಆಗಲಿಲ್ಲ. ಈ ವ್ಯವಸ್ಥೆಗಳ ಬಗ್ಗೆ ನನ್ನ ತಕರಾರೆಲ್ಲಾ ಆ ಪ್ರಶ್ನೆಯಲ್ಲೇ ಇದೆ.

ನಾನೊಬ್ಬನೇ ಅಲ್ಲ

ಇಲ್ಲದ ಅಡ್ಡಿಗೆ ಕಾರು ಬ್ರೇಕ್ ಹಾಕೋದಕ್ಕೆ ಇಲ್ಲಿನವರು 'ಫ್ಯಾಂಟಮ್ ಬ್ರೇಕಿಂಗ್' ಅಂತಾರೆ. ದೆವ್ವ ಕಂಡವರ ಹಾಗೆ ನಿಂತುಬಿಡೋದು ಅಂದುಕೊಳ್ಳಿ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ 2022ರ ಫೆಬ್ರವರಿಯಲ್ಲಿ ಇದರ ಬಗ್ಗೆ ತನಿಖೆ ಶುರುಮಾಡಿತು. 2021 ಮತ್ತು 2022ರ ಟೆಸ್ಲಾ ಮಾಡೆಲ್ 3, ಮಾಡೆಲ್ ವೈ ಕಾರುಗಳ ಮೇಲೆ ಒಂಬತ್ತು ತಿಂಗಳಲ್ಲಿ 354 ದೂರು ಬಂದಿದ್ದವು. ತನಿಖೆಯ ವ್ಯಾಪ್ತಿಗೆ ಬಂದದ್ದು ಸುಮಾರು 4,16,000 ಕಾರು. ಅದೇ ತಿಂಗಳು ಹೋಂಡಾದ ಅಕಾರ್ಡ್ ಮತ್ತು ಸಿಆರ್-ವಿ ಕಾರುಗಳ ತುರ್ತು ಬ್ರೇಕ್ ಬಗ್ಗೆಯೂ ತನಿಖೆ ಆರಂಭವಾಯಿತು. ಅದು ಸುಮಾರು 17 ಲಕ್ಷ ಕಾರುಗಳ ವಿಷಯ. ಅಂದರೆ ಇದು ಒಂದೇ ಕಂಪನಿಯ ರೋಗ ಅಲ್ಲ.

ಇಲ್ಲಿ ಒಂದು ವ್ಯತ್ಯಾಸ ನೆನಪಿಟ್ಟುಕೊಳ್ಳಿ. ವಾಹನ ಎಂಜಿನಿಯರ್‌ಗಳ ಸಂಸ್ಥೆ ಎಸ್‌ಎಇ, ಕಾರುಗಳ ಸ್ವಯಂಚಾಲನೆಯನ್ನು 0ಯಿಂದ 5ರವರೆಗೆ ಆರು ಹಂತವಾಗಿ ವಿಂಗಡಿಸಿದೆ. ನಾವು ನೀವು ಕೊಂಡುಕೊಂಡು ಓಡಿಸೋ ಕಾರುಗಳಲ್ಲಿ ಹೆಚ್ಚಿನವು ಬಹಳ ಅಂದರೆ 2ನೇ ಹಂತದವು. ಸ್ಟೀರಿಂಗ್ ಮತ್ತು ವೇಗ ಎರಡನ್ನೂ ಕಾರು ನೋಡಿಕೊಳ್ಳಬಹುದು, ಆದರೆ ಗಾಡಿ ಓಡಿಸ್ತಿರೋದು ನೀವೇ. ಪ್ರತಿ ಕ್ಷಣವೂ ನೀವು ಗಮನ ಇಟ್ಟಿರಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡ್ರೈವರ್ ಸೀಟು ಖಾಲಿ ಇಟ್ಟುಕೊಂಡು ಓಡೋ ವೇಮೋ ಟ್ಯಾಕ್ಸಿಯೇ ಬೇರೆ, ಇದೇ ಬೇರೆ. ನಮ್ಮ ಮಾತಿನಲ್ಲಿ ಎರಡಕ್ಕೂ 'ತಾನೇ ಓಡೋ ಕಾರು' ಅಂದುಬಿಡ್ತೀವಿ. ಗೊಂದಲ ಅಲ್ಲಿಂದಲೇ ಶುರು.

ಒಗ್ಗರಣೆ ಮತ್ತು ಸ್ಮೋಕ್ ಅಲಾರ್ಮ್

ಕಾರು ಯಾಕೆ ಹೀಗೆ ಮಾಡುತ್ತೆ? ಇದಕ್ಕೆ ನಮ್ಮ ಅಡುಗೆಮನೆಯಲ್ಲೇ ಉದಾಹರಣೆ ಇದೆ. ಅಪಾರ್ಟ್‌ಮೆಂಟಿನಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಿರಿ ಅಂದುಕೊಳ್ಳಿ. ಸ್ಮೋಕ್ ಅಲಾರ್ಮ್ ಕಿರುಚಿಕೊಳ್ಳುತ್ತೆ. ಅದಕ್ಕೆ ಒಗ್ಗರಣೆಗೂ ಬೆಂಕಿಗೂ ವ್ಯತ್ಯಾಸ ಗೊತ್ತಿಲ್ಲ. ಅದನ್ನು ಸ್ವಲ್ಪ ಮಂದ ಮಾಡಿದರೆ ಒಗ್ಗರಣೆಗೆ ಸುಮ್ಮನಿರುತ್ತೆ, ಆದರೆ ನಿಜವಾದ ಬೆಂಕಿ ಬಿದ್ದಾಗ ತಡವಾಗಿ ಕೂಗಬಹುದು. ಚುರುಕು ಮಾಡಿದರೆ ದಿನಾ ಗಲಾಟೆ. ಕೊನೆಗೆ ನಾವೇನು ಮಾಡ್ತೀವಿ? ಬ್ಯಾಟರಿ ತೆಗೆದಿಡ್ತೀವಿ.

ನನ್ನ ಕೆಲಸದಲ್ಲಿ ಇದು ದಿನನಿತ್ಯದ ಲೆಕ್ಕ. ಯಾವ ಮಾಡೆಲ್ ಆದರೂ ಎರಡು ಬಗೆಯ ತಪ್ಪು ಮಾಡುತ್ತೆ: ಇಲ್ಲದ್ದನ್ನು ಇದೆ ಅನ್ನೋದು, ಇದ್ದದ್ದನ್ನು ಇಲ್ಲ ಅನ್ನೋದು. ಮಾಡೆಲ್ ಅದೇ ಇದ್ದರೆ, ಒಂದನ್ನು ಕಡಿಮೆ ಮಾಡಿದಷ್ಟೂ ಇನ್ನೊಂದು ಹೆಚ್ಚಾಗುತ್ತೆ. ಎಲ್ಲಿ ಗೆರೆ ಎಳೀಬೇಕು ಅನ್ನೋದನ್ನು ಗಣಿತ ಹೇಳೋದಿಲ್ಲ, ಮನುಷ್ಯರು ಕೂತು ತೀರ್ಮಾನ ಮಾಡ್ತಾರೆ.

ರೇಡಾರ್ ವಿಷಯ ನೋಡಿ. ಚಲಿಸ್ತಿರೋ ಗಾಡಿಯನ್ನು ಅದು ಚೆನ್ನಾಗಿ ಹಿಡಿಯುತ್ತೆ. ನಿಂತಿರೋ ವಸ್ತು ಅಂದರೆ ಕಷ್ಟ. ರಸ್ತೆ ಬದಿಯ ಬೋರ್ಡು, ಸೇತುವೆಯ ಕಬ್ಬಿಣ, ಲೇನಿನಲ್ಲಿ ಕೆಟ್ಟು ನಿಂತ ಲಾರಿ, ಎಲ್ಲಾ ಅದಕ್ಕೆ ಹೆಚ್ಚುಕಡಿಮೆ ಒಂದೇ ಥರ ಕಾಣಬಹುದು. ಎಲ್ಲದಕ್ಕೂ ಬ್ರೇಕ್ ಹಾಕಿದರೆ ಹೆದ್ದಾರಿಯಲ್ಲಿ ಓಡೋಕೇ ಆಗಲ್ಲ. ಹಾಗಂತ ನಿಂತಿರೋದನ್ನು ಲೆಕ್ಕದಿಂದ ಬಿಟ್ಟರೆ, ನಿಜವಾಗಿ ನಿಂತಿರೋ ಅಗ್ನಿಶಾಮಕ ವಾಹನಕ್ಕೆ ಗುದ್ದುವ ಸಾಧ್ಯತೆ ಇರುತ್ತೆ. ಕ್ಯಾಮೆರಾಗೆ ಬೇರೆ ಕಷ್ಟ: ನೆರಳು, ಎದುರು ಬಿಸಿಲು, ಮಾಸಿದ ಗೆರೆ. ಟೆಸ್ಲಾ 2021ರ ಮೇ ತಿಂಗಳಲ್ಲಿ ಉತ್ತರ ಅಮೆರಿಕಕ್ಕೆ ತಯಾರಾಗೋ ಮಾಡೆಲ್ 3 ಮತ್ತು ವೈ ಕಾರುಗಳಿಂದ ರೇಡಾರನ್ನೇ ತೆಗೆದು ಕ್ಯಾಮೆರಾ ಮಾತ್ರ ಇಟ್ಟುಕೊಂಡಿತು.

ಇದಕ್ಕೆ ನಾನು ಎಂಜಿನಿಯರ್‌ಗಳನ್ನು ಬೈಯೋದಿಲ್ಲ. ಅವರು ಬಿಡಿಸ್ತಿರೋದು ನಿಜಕ್ಕೂ ಕಷ್ಟದ ಲೆಕ್ಕ. ಆ ಗೆರೆ ಎಲ್ಲಿದೆ ಅಂತ ಒಳಗೆ ಕೂತ ನಮಗೆ ಯಾರೂ ಹೇಳೋದಿಲ್ಲ ಅನ್ನೋದೇ ನನ್ನ ತಕರಾರು. ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಬಂದ ರಾತ್ರಿ ಆ ಗೆರೆ ಜರುಗಬಹುದು. ಬೆಳಿಗ್ಗೆ ನೀವು ಕೂತ ಕಾರು ನಿನ್ನೆಯ ಕಾರಿನ ಹಾಗೇ ನಡೆದುಕೊಳ್ಳುತ್ತೆ ಅನ್ನೋ ಖಾತ್ರಿ ಇಲ್ಲ.

ಇನ್ನೊಂದು ಬಗೆಯ ತಪ್ಪು

ಇಲ್ಲದ್ದಕ್ಕೆ ನಿಲ್ಲೋದು ಭಯ ಹುಟ್ಟಿಸುತ್ತೆ. ಇದ್ದದ್ದನ್ನು ಕಾಣದೆ ಹೋಗೋದು ಜೀವ ತೆಗೆಯುತ್ತೆ. 2018ರ ಮಾರ್ಚ್ 23ರಂದು ಮೌಂಟನ್ ವ್ಯೂನಲ್ಲಿ, ನಮ್ಮಲ್ಲಿ ಎಷ್ಟೋ ಜನ ದಿನಾ ಓಡಾಡೋ ಹೈವೇ 101ರಲ್ಲಿ, ಆಟೋಪೈಲಟ್ ಆನ್ ಆಗಿದ್ದ ಒಂದು ಟೆಸ್ಲಾ ಮಾಡೆಲ್ ಎಕ್ಸ್ ಎಡಕ್ಕೆ ಸರಿಯಿತು. ಹೈವೇ 85ಕ್ಕೆ ಕವಲೊಡೆಯೋ ಜಾಗದ ತ್ರಿಕೋನಕ್ಕೆ ನುಗ್ಗಿ, ಸುಮಾರು 71 ಮೈಲಿ ವೇಗದಲ್ಲಿ ತಡೆಗೋಡೆಗೆ ಗುದ್ದಿತು. ಮುಂದಿನ ಗಾಡಿ ದಾರಿಯಿಂದ ಮರೆಯಾದ್ದರಿಂದ ಕೊನೆಯ ಕ್ಷಣಗಳಲ್ಲಿ ಕಾರು ವೇಗ ಹೆಚ್ಚಿಸಿಕೊಂಡಿತ್ತು. ಓಡಿಸ್ತಿದ್ದ ಎಂಜಿನಿಯರ್ ತೀರಿಕೊಂಡರು.

ತನಿಖೆ ನಡೆಸಿದ ಎನ್‌ಟಿಎಸ್‌ಬಿ 2020ರಲ್ಲಿ ಯಾರೊಬ್ಬರ ಮೇಲೂ ಪೂರ್ತಿ ತಪ್ಪು ಹೊರಿಸಲಿಲ್ಲ. ಕಾರು ಗೆರೆ ತಪ್ಪಿ ಓದಿತ್ತು. ಡ್ರೈವರ್‌ನ ಫೋನಿನಲ್ಲಿ ಗೇಮ್ ಓಡ್ತಾ ಇತ್ತು. ವ್ಯವಸ್ಥೆಯ ಮೇಲೆ ಅತಿಯಾದ ನಂಬಿಕೆ ಇತ್ತು. ಗುದ್ದಿದ ಪೆಟ್ಟನ್ನು ಹೀರಿಕೊಳ್ಳಬೇಕಾದ ಉಪಕರಣ ಹನ್ನೊಂದು ದಿನ ಹಿಂದಿನ ಅಪಘಾತದಲ್ಲಿ ಜಜ್ಜಿಹೋಗಿದ್ದು ರಿಪೇರಿಯೇ ಆಗಿರಲಿಲ್ಲ. ನನ್ನನ್ನು ತುಂಬಾ ಕಾಡಿದ್ದು ಇನ್ನೊಂದು ವಿವರ. ಅದೇ ಜಾಗದಲ್ಲಿ ಕಾರು ಹಾಗೆ ಎಳೆಯುತ್ತೆ ಅಂತ ಆತ ಮೊದಲೇ ಮನೆಯವರ ಹತ್ತಿರ, ಸ್ನೇಹಿತರ ಹತ್ತಿರ ಹೇಳಿಕೊಂಡಿದ್ದರು. ಅಂದರೆ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಬೆಳಿಗ್ಗೆ ಗಮನ ಬೇರೆ ಕಡೆ ಹೋಗಿತ್ತು.

'ಎಂಥಾ ಅಜಾಗರೂಕತೆ' ಅನ್ನೋ ಮುಂಚೆ ಒಂದು ನಿಮಿಷ ಯೋಚಿಸಿ. ಲಿಸಾನ್ ಬೇನ್‌ಬ್ರಿಜ್ ಅನ್ನೋ ಬ್ರಿಟಿಷ್ ಮನಶ್ಶಾಸ್ತ್ರಜ್ಞೆ 1983ರಲ್ಲೇ, 'ಐರನೀಸ್ ಆಫ್ ಆಟೋಮೇಶನ್' ಅನ್ನೋ ಲೇಖನದಲ್ಲಿ ಇದನ್ನು ಬರೆದಿದ್ದಾರೆ. ಅವರ ಮಾತಿನ ಸಾರ ಇಷ್ಟು: ಸುಲಭದ ಕೆಲಸವನ್ನೆಲ್ಲಾ ಯಂತ್ರಕ್ಕೆ ಕೊಟ್ಟು, ಯಂತ್ರವನ್ನು ಕಾಯೋ ಕೆಲಸ ಮನುಷ್ಯನಿಗೆ ಕೊಡ್ತೀವಿ. ಆದರೆ ಏನೂ ಆಗದ್ದನ್ನು ಗಂಟೆಗಟ್ಟಲೆ ಕಾಯೋದು ಮನುಷ್ಯನಿಗೆ ಆಗದ ಕೆಲಸ. ಅವರು ಬರೆದದ್ದು ಕಾರ್ಖಾನೆಗಳ ಕಂಟ್ರೋಲ್ ರೂಮ್‌ಗಳ ಬಗ್ಗೆ. ಅಲ್ಲಿ ತರಬೇತಿ ಪಡೆದ ಆಪರೇಟರ್ ಕೂತಿರ್ತಾನೆ. ಇಲ್ಲಿ ನಿದ್ದೆಗೆಟ್ಟ ಅಪ್ಪ, ಹಿಂದೆ ಜಗಳ ಆಡೋ ಎರಡು ಮಕ್ಕಳು.

ಕಂಪನಿಗಳು ಇದಕ್ಕೆ ಕೊಟ್ಟ ಪರಿಹಾರ ಬಹಳ ದಿನ ಸ್ಟೀರಿಂಗ್ ಮೇಲೆ ಕೈ ಇದೆಯಾ ಅಂತ ನೋಡೋದಷ್ಟೇ ಆಗಿತ್ತು. ಕೈ ಇದ್ದ ಮಾತ್ರಕ್ಕೆ ಗಮನ ಇದೆ ಅಂತ ಅರ್ಥ ಅಲ್ಲ. 2023ರ ಡಿಸೆಂಬರ್‌ನಲ್ಲಿ ಟೆಸ್ಲಾ 20 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಇದೇ ಕಾರಣಕ್ಕೆ ರೀಕಾಲ್ ಮಾಡಬೇಕಾಯಿತು. ಪರಿಹಾರವಾಗಿ ಹೋದದ್ದು ಒಂದು ಸಾಫ್ಟ್‌ವೇರ್ ಅಪ್‌ಡೇಟ್. ಅದು ಸಾಕಾಯಿತಾ ಅಂತ 2024ರ ಏಪ್ರಿಲ್‌ನಲ್ಲಿ ಎನ್‌ಎಚ್‌ಟಿಎಸ್‌ಎ ಇನ್ನೊಂದು ತನಿಖೆ ತೆರೆಯಿತು.

ಲೆಕ್ಕದಲ್ಲಿ ಇಲ್ಲದ ಕಾಲು

ಈಗ ನನ್ನ ಕ್ಷೇತ್ರದ ಮಾತಿಗೆ ಬರ್ತೀನಿ. ನೆರವು ವ್ಯವಸ್ಥೆ ಆನ್ ಇದ್ದಾಗ ಇಷ್ಟು ಲಕ್ಷ ಮೈಲಿಗೆ ಒಂದೇ ಅಪಘಾತ, ದೇಶದ ಸರಾಸರಿಗಿಂತ ಎಷ್ಟೋ ಪಾಲು ಕಡಿಮೆ ಅನ್ನೋ ಜಾಹೀರಾತು ನೀವು ನೋಡಿರ್ತೀರಿ. ಆ ಹೋಲಿಕೆಯಲ್ಲಿ ಎರಡು ಕಡೆ ಇರೋದು ಏನು ಅಂತ ಕೇಳಿ. ಒಂದು ಕಡೆ ಹೊಸ ಕಾರು, ಹೆಚ್ಚಾಗಿ ಹೆದ್ದಾರಿ. ಇನ್ನೊಂದು ಕಡೆ ಹಳೇ ಕಾರು, ಹೊಸ ಕಾರು, ಗಲ್ಲಿ, ಸಿಗ್ನಲ್, ಮಳೆ, ಹಿಮ ಎಲ್ಲಾ ಸೇರಿದ ಸರಾಸರಿ. ಒಂದು ಮೈಲಿ ಲೆಕ್ಕ ಹಾಕಿದರೆ ಹೆದ್ದಾರಿಯಲ್ಲಿ ಅಪಘಾತ ಮೊದಲೇ ಕಡಿಮೆ. ಮಾವಿನಹಣ್ಣನ್ನು ಹುಣಸೆಹಣ್ಣಿನ ಜೊತೆ ತೂಗಿ ಮಾವು ಸಿಹಿ ಅಂದ ಹಾಗಾಯಿತು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಇಂಟರ್‌ಸ್ಟೇಟ್ 5ರ ಆ ಮೂರು ಸೆಕೆಂಡ್ ಯಾವ ಲೆಕ್ಕಕ್ಕೆ ಹೋಯಿತು? ಅಪಘಾತ ಆಗಲಿಲ್ಲ. ಹಾಗಾಗಿ ಆ ಮೈಲಿ 'ಸುರಕ್ಷಿತ ಮೈಲಿ' ಅಂತ ವ್ಯವಸ್ಥೆಯ ಖಾತೆಗೆ ಜಮಾ. ಆಕ್ಸಿಲರೇಟರ್ ಒತ್ತಿದ ನನ್ನ ಕಾಲಿಗೆ, ಅಂತರ ಇಟ್ಟುಕೊಂಡಿದ್ದ ಲಾರಿಯವನ ಜಾಣತನಕ್ಕೆ ಆ ಖಾತೆಯಲ್ಲಿ ಜಾಗವೇ ಇಲ್ಲ. ನಾವು ತಿದ್ದಿದ ಪ್ರತಿ ತಪ್ಪೂ ಅದರ ಅಂಕ ಹೆಚ್ಚಿಸುತ್ತೆ. ನಾವು ತಿದ್ದದೇ ಹೋದ ಒಂದು ತಪ್ಪು ಮಾತ್ರ 'ಡ್ರೈವರ್ ಗಮನ ಕೊಡಲಿಲ್ಲ' ಅಂತ ನಮ್ಮ ತಲೆಗೆ ಬರುತ್ತೆ. ಹೊಣೆ ಅಂದರೆ ಜವಾಬ್ದಾರಿ. ಇಲ್ಲಿ ಕೆಲಸ ಅದರದ್ದು, ಹೊಣೆ ನಮ್ಮದು.

ಕ್ಯಾಲಿಫೋರ್ನಿಯಾದಲ್ಲಿ ಚಾಲಕರಿಲ್ಲದ ಕಾರುಗಳನ್ನು ಪರೀಕ್ಷೆ ಮಾಡೋ ಕಂಪನಿಗಳು, ಮನುಷ್ಯ ಮಧ್ಯೆ ಬಂದು ವ್ಯವಸ್ಥೆಯನ್ನು ಎಷ್ಟು ಸಲ ಬಿಡಿಸಬೇಕಾಯಿತು ಅಂತ ವರ್ಷಾ ವರ್ಷಾ ವರದಿ ಕೊಡ್ತಾ ಬಂದಿವೆ. ಆದರೆ ನಾವು ನೀವು ಓಡಿಸೋ 2ನೇ ಹಂತದ ಕಾರುಗಳಿಗೆ ಆ ನಿಯಮ ಇಲ್ಲ. ಕೆಲವೇ ಪರೀಕ್ಷಾ ಕಾರುಗಳಿಗೆ ಇದ್ದ ಲೆಕ್ಕ ಲಕ್ಷಾಂತರ ಮನೆ ಕಾರುಗಳಿಗೆ ಬೇಡವಾ?

ಹಾಗಾದರೆ ಎಲ್ಲಾ ಆಫ್ ಮಾಡಬೇಕಾ?

ಬೇಡ. ಇಲ್ಲಿ ನ್ಯಾಯವಾಗಿ ಮಾತಾಡಬೇಕು. ತುರ್ತು ಬ್ರೇಕ್ ಒಂದು, ಲೇನಿನಲ್ಲಿ ತಾನೇ ಓಡಿಸೋದು ಇನ್ನೊಂದು. ಅಮೆರಿಕದ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ ಪ್ರಕಾರ, ಎಚ್ಚರಿಕೆ ಕೊಟ್ಟು ಆಮೇಲೆ ತಾನೇ ಬ್ರೇಕ್ ಹಾಕೋ ಕಾರುಗಳು ಮುಂದಿನ ಗಾಡಿಗೆ ಗುದ್ದೋದು ಸುಮಾರು ಅರ್ಧದಷ್ಟು ಕಡಿಮೆ. ಇದು ಸಣ್ಣ ಮಾತಲ್ಲ. ಒಮ್ಮೊಮ್ಮೆ ಸುಮ್ಮನೆ ಕೂಗಿದರೂ ಸ್ಮೋಕ್ ಅಲಾರ್ಮ್ ಇರಲೇಬೇಕು. ಆದರೆ ಸ್ಟೀರಿಂಗ್, ವೇಗ ಎರಡನ್ನೂ ನೋಡಿಕೊಳ್ಳೋ ಅರೆ-ಸ್ವಯಂಚಾಲನೆ ಅಪಘಾತ ತಪ್ಪಿಸುತ್ತೆ ಅನ್ನೋದಕ್ಕೆ ಹೆಚ್ಚು ಪುರಾವೆ ಇಲ್ಲ ಅಂತ ಅದೇ ಸಂಸ್ಥೆ 2024ರಲ್ಲಿ ಹೇಳಿತು. ಅದು ಅನುಕೂಲ, ಸುರಕ್ಷತೆ ಅಲ್ಲ. ಶೋರೂಮಿನಲ್ಲಿ ಎರಡನ್ನೂ ಒಂದೇ ಮಾತಿನಲ್ಲಿ ಮಾರ್ತಾರೆ.

ಹೆಸರಿನ ವಿಷಯವೂ ಅಷ್ಟೆ. 'ಫುಲ್ ಸೆಲ್ಫ್ ಡ್ರೈವಿಂಗ್' ಅಂತ ಹೆಸರಿಟ್ಟು, 2024ರಲ್ಲಿ ಅದರ ಮುಂದೆ 'ಸೂಪರ್‌ವೈಸ್ಡ್' ಅಂತ ಸೇರಿಸಿದರು. ಪೂರ್ತಿ ತಾನೇ ಓಡುತ್ತೆ, ಆದರೆ ನೀವು ಕಾಯ್ತಾ ಇರಿ! ಕನ್ನಡದಲ್ಲಿ ಹೇಳಿ ನೋಡಿ, ಎಷ್ಟು ವಿಚಿತ್ರ ಅಂತ ಗೊತ್ತಾಗುತ್ತೆ. ನಾನು ಮನೆಯಲ್ಲಿ ಇದಕ್ಕೆ 'ನೆರವು' ಅಂತಲೇ ಅನ್ನೋದು. ಹದಿನಾರು ವರ್ಷದ ಮಕ್ಕಳಿಗೆ ಡ್ರೈವಿಂಗ್ ಕಲಿಸ್ತಿರೋರು ನೀವೂ ಹಾಗೇ ಹೇಳಿಕೊಡಿ. ಮೊದಲು ನೆರವಿಲ್ಲದೆ ಓಡಿಸೋಕೆ ಬರಲಿ.

ಊರಲ್ಲೂ ಈಗ ಇದೇ ಮಾತು. 2021ರಲ್ಲಿ ಮಹೀಂದ್ರಾ ಎಕ್ಸ್‌ಯುವಿ700 ಬಂದಮೇಲೆ ಅಡಾಸ್ ಅನ್ನೋ ಪದ ಮನೆಮಾತಾಗ್ತಾ ಇದೆ. ಮೈಸೂರಿನಲ್ಲಿರೋ ನನ್ನ ತಮ್ಮ 'ಅಡಾಸ್ ಇರೋ ಗಾಡೀನೇ ಬೇಕು' ಅಂತ ಕೂತಿದ್ದಾನೆ. ನಾನು ಅವನಿಗೆ ಹೇಳಿದ್ದು ಇಷ್ಟೇ: ತಗೋ, ತುರ್ತು ಬ್ರೇಕ್ ಆನ್ ಇರಲಿ. ಆದರೆ ಪಕ್ಕದಿಂದ ಸ್ಕೂಟರ್ ನುಗ್ಗಿದಾಗ ನಿನ್ನ ಕಾರು ಗಕ್ಕನೆ ನಿಲ್ಲಬಹುದು, ಹಿಂದಿನ ಬಸ್ಸಿನವನು ಅದನ್ನು ನಿರೀಕ್ಷಿಸಿರಲ್ಲ. ನೆರವು ಆನ್ ಇರುವಾಗ ಕನ್ನಡಿ ನೋಡೋದು ಬಿಡಬೇಡ.

ನಿಮಗೂ ಅದೇ ಮಾತು, ಜೊತೆಗೆ ಎರಡು ಮಾತು ಹೆಚ್ಚು. ನಿಮ್ಮ ಕಾರಿನಲ್ಲಿ ನೆರವನ್ನು ಬಿಡಿಸೋದು ಹೇಗೆ ಅಂತ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ನಿಂತು ಮ್ಯಾನ್ಯುಯಲ್ ಓದಿ ಕಲಿತುಕೊಳ್ಳಿ, ಲಾರಿಯ ಮುಂದೆ ಅಲ್ಲ. ಕಾರು ವಿಚಿತ್ರವಾಗಿ ಆಡಿದರೆ ಜಾಗ, ಸಮಯ ಬರೆದಿಟ್ಟು, ಅಮೆರಿಕದಲ್ಲಿದ್ದರೆ ಎನ್‌ಎಚ್‌ಟಿಎಸ್‌ಎಗೆ ದೂರು ಕೊಡಿ. 2022ರ ತನಿಖೆ ಶುರುವಾಗಿದ್ದು ನಮ್ಮಂಥವರೇ ಕೂತು ಬರೆದ 354 ದೂರುಗಳಿಂದ. ನಾನೂ ಆ ವಾರವೇ ಬರೆದೆ. ಹದಿನೈದು ನಿಮಿಷ ಹಿಡಿಯಿತು.

ಅಮ್ಮ ವಾಪಸ್ ಹೋಗೋ ದಿನ ಏರ್‌ಪೋರ್ಟಿಗೆ ಹೊರಟಾಗ ಬೆಲ್ಟ್ ಹಾಕಿಕೊಳ್ತಾ ಕೇಳಿದಳು: "ಇವತ್ತು ಯಾರಪ್ಪ ಓಡಿಸೋದು, ನೀನೋ ಅದೋ?"

"ನಾನೇ ಅಮ್ಮ," ಅಂದೆ. ಆ ದಿನ ನೆರವು ಆಫ್ ಇತ್ತು. ಆನ್ ಇದ್ದಿದ್ದರೂ ಅದೇ ಉತ್ತರ ಕೊಡಬೇಕಾಗಿತ್ತು.