ಒಮಾನಿನ ದೊಡ್ಡಿಗಳಲ್ಲಿ ರೋಗದ ಮೇಲೆ ಕಣ್ಣಿಟ್ಟವರು ಯಾರು?

ಹಂದಿಮರಿಗಳಿಗೆ ಭೇದಿ ಹತ್ತಿಸಿ ಕೊಲ್ಲುವ ಪಿಇಡಿ ಎಂಬ ವೈರಸ್ ರೋಗವನ್ನು ಇಂಗ್ಲೆಂಡಿನಲ್ಲಿ 2015ರ ಡಿಸೆಂಬರ್‌ನಲ್ಲಿ, ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ರೋಗಗಳ ಸಾಲಿಗೆ ಸೇರಿಸಿದರು. ಹಂದಿ ಉದ್ಯಮದವರು ತಕರಾರು ತೆಗೆಯಲಿಲ್ಲ, ಬೆನ್ನಿಗೆ ನಿಂತರು. ವಿಷಯ ತಿಳಿಸಿದ ಫಾರ್ಮಿಗೆ ಸರ್ಕಾರ ಬೀಗ ಜಡಿಯುವುದಿಲ್ಲ, ಹಂದಿಗಳನ್ನು ಕೊಲ್ಲಿಸುವುದಿಲ್ಲ ಎಂಬುದು ಮೊದಲೇ ಇತ್ಯರ್ಥವಾಗಿತ್ತು. ರೋಗ ಹಬ್ಬದಂತೆ ತಡೆಯುವ ಹೊಣೆಯನ್ನು ಉದ್ಯಮವೇ ಹೊತ್ತುಕೊಂಡಿತು. ಮುಚ್ಚಿಟ್ಟರೆ ನಷ್ಟ, ಹೇಳಿದರೆ ನೆರವು ಎಂಬುದು ಸಾಕುವವನಿಗೆ ಮನದಟ್ಟಾದರೆ ಮಾತ್ರ ಸರ್ಕಾರ ಮತ್ತು ಉದ್ಯಮ ಕೈಜೋಡಿಸಿದ್ದಕ್ಕೆ ಅರ್ಥ ಬರುತ್ತದೆ. ಒಮಾನಿನ ಜಾನುವಾರು ರೋಗಗಳ ಕಣ್ಗಾವಲನ್ನೂ ಈ ಲೆಕ್ಕದಲ್ಲೇ ತೂಗಬೇಕು. ಹಾಗೆ ತೂಗಿದರೆ ಅದು ಆಸ್ಪತ್ರೆ, ಪ್ರಯೋಗಾಲಯಗಳ ಕಡೆ ಗಟ್ಟಿ, ದೊಡ್ಡಿಯ ಕಡೆ ಟೊಳ್ಳು.

ಒಮಾನಿನಲ್ಲಿ ಹಂದಿ ಸಾಕಣೆಯಿಲ್ಲ. ಅಲ್ಲಿರುವುದು ಆಡು, ಕುರಿ, ಒಂಟೆ, ದನ. ಸ್ಥಳೀಯವಾಗಿ ಸಾಕಿದ್ದು ಸಾಲದೆ ಸೊಮಾಲಿಯಾ ಕಡೆಯಿಂದ ಹಡಗಿನಲ್ಲೂ ಬರುತ್ತವೆ. ಇವುಗಳ ಮೈಮೇಲಿನ ಉಣುಗುಗಳಿಂದ ಹರಡುವ ಕ್ರಿಮಿಯನ್-ಕಾಂಗೋ ರಕ್ತಸ್ರಾವ ಜ್ವರ ಆ ದೇಶದ ದೊಡ್ಡ ಚಿಂತೆ. ವಿಚಿತ್ರವೆಂದರೆ, ಆಡಿಗೆ ಅದರಿಂದ ಏನೂ ಆಗುವುದಿಲ್ಲ. ವೈರಸ್ ಸುಮಾರು ಒಂದು ವಾರ ರಕ್ತದಲ್ಲಿದ್ದು ಹೊರಟುಹೋಗುತ್ತದೆ. ಆಡು ಎಂದಿನಂತೆ ಮೇಯುತ್ತಿರುತ್ತದೆ. ಸಾಯುವವನು ಮನುಷ್ಯ. ಆಫ್ರಿಕನ್ ಹಂದಿಜ್ವರ ಬಂದರೆ ಸಾಕುವವನ ಕೊಟ್ಟಿಗೆಯೇ ಬರಿದಾಗುತ್ತದೆ, ಹಾಗಾಗಿ ಬಾಯಿ ಬಿಡಲು ಅವನಿಗೆ ಕಾರಣವಿದೆ. ಒಮಾನಿನ ಆಡಿನ ವ್ಯಾಪಾರಿಗೆ ರೋಗದಿಂದ ಬಿಡಿಗಾಸಿನ ನಷ್ಟವಿಲ್ಲ. ರೋಗದ ಸುದ್ದಿ ಹಬ್ಬಿದರೆ ಮಾತ್ರ ನಷ್ಟ.

ಮಲೆನಾಡಿನವರಿಗೆ ಇದು ಬೇಗ ಅರ್ಥವಾದೀತು. ಮಂಗನ ಕಾಯಿಲೆಯೂ ಉಣುಗಿನಿಂದಲೇ ಬರುವುದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದದ್ದು ಅದರ ಸುಳಿವು ಕೊಟ್ಟಿತು. ಇಂದಿಗೂ ಸತ್ತ ಮಂಗ ಕಂಡರೆ ಊರಿನವರು ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸುತ್ತಾರೆ. ಆ ವೈರಸ್ಸಿನ ಹತ್ತಿರದ ಬಂಧು ಅಲ್‌ಖುರ್ಮಾ. ಅದು 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಪತ್ತೆಯಾದದ್ದು ಮಾಂಸ ಕಡಿಯುವ ಕೆಲಸಗಾರರಲ್ಲಿ. ಒಮಾನಿನಲ್ಲಿ ಮುನ್ಸೂಚನೆ ಕೊಡಲು ಮಂಗವಿಲ್ಲ. ಮೊದಲು ಬೀಳುವವನು ಕುರಿ ಕೊಯ್ಯುವವನೇ.

ನಿಜ್ವಾದ ಶುಕ್ರವಾರದ ಸಂತೆಯನ್ನೇ ನೋಡಿ. ಕೋಟೆಯ ಪಕ್ಕದಲ್ಲಿ ಬೆಳಿಗ್ಗೆ ಮಾರುವವರು ಆಡುಗಳನ್ನು ಹಗ್ಗ ಹಿಡಿದು ಸುತ್ತು ಹೊಡೆಸುತ್ತಾರೆ. ಎರಡೂ ಬದಿಯಲ್ಲಿ ಜನ. ಬೇಕೆನಿಸಿದ್ದನ್ನು ನಿಲ್ಲಿಸಿ ಬೆನ್ನು ಸವರುತ್ತಾರೆ, ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ದರ ಕೇಳಿ ಚೌಕಾಸಿ ಮಾಡುತ್ತಾರೆ. ಉಣುಗು ಕಚ್ಚಿಕೊಂಡಿರುವುದು ಕಿವಿಯೊಳಗೆ, ಬಾಲದ ಬುಡದಲ್ಲಿ, ತೊಡೆಸಂದಿಯಲ್ಲಿ. ಅಲ್ಲಿ ಕೈಯಾಡಿಸಿ ನೋಡುವ ಕಾರಣ ಯಾವ ಗಿರಾಕಿಗೂ ಇಲ್ಲ, ಏಕೆಂದರೆ ವೈರಸ್ ಇದೆಯೋ ಇಲ್ಲವೋ ಎಂಬುದಕ್ಕೆ ದರದಲ್ಲಿ ಜಾಗವಿಲ್ಲ. ಆ ಉಣುಗು ಮುಂದೆ ಸಿಗುವುದು ಚರ್ಮ ಸುಲಿಯುವವನ ಬರಿಗೈಗೆ.

ಆ ಕೈ ಯಾರದು ಎಂಬುದಕ್ಕೆ ಹಳೆಯ ದಾಖಲೆಯೇ ಇದೆ. 1995–96ರಲ್ಲಿ ನಾಲ್ಕು ಪ್ರಕರಣಗಳು ಕಂಡ ಮೇಲೆ ಪ್ರಾಣಿಗಳ ಒಡನಾಟದಲ್ಲಿರುವವರ ರಕ್ತ ಪರೀಕ್ಷೆ ನಡೆಯಿತು. ಒಮಾನೇತರರಾದ 241 ಕೆಲಸಗಾರರಲ್ಲಿ 73 ಮಂದಿಗೆ, ಅಂದರೆ ನೂರಕ್ಕೆ ಮೂವತ್ತು ಜನರಿಗೆ, ಸೋಂಕು ತಗುಲಿಹೋದ ಗುರುತಿತ್ತು. ಪರೀಕ್ಷೆಗೊಳಗಾದ 41 ಒಮಾನಿ ಪ್ರಜೆಗಳಲ್ಲಿ ಒಬ್ಬರಿಗೆ ಮಾತ್ರ. ಒಮಾನಿಗರ ಗುಂಪು ಚಿಕ್ಕದು, ನಿಜ. ಆದರೂ ಇಷ್ಟು ಅಂತರವನ್ನು ಕಂಡ ಮೇಲೆ ಕಣ್ಗಾವಲು ಈ ಕೆಲಸಗಾರರಿಂದಲೇ ಶುರುವಾಗಬೇಕಿತ್ತು.

ಆಗಲಿಲ್ಲ. ರೋಗ 2011ರಲ್ಲಿ ಮತ್ತೆ ತಲೆಯೆತ್ತಿತು. 2017ರ ಕೊನೆಯ ಹೊತ್ತಿಗೆ 88 ಪ್ರಕರಣಗಳು ಖಚಿತಪಟ್ಟಿದ್ದವು. ಅವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ತೀರಿಕೊಂಡರು. ಈ ಲೆಕ್ಕವನ್ನು ಒಮಾನ್ ಮುಚ್ಚಿಡದೆ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿತು. ಅದನ್ನು ಮನಸಾರೆ ಮೆಚ್ಚುತ್ತೇನೆ. ಕೃಷಿ ಸಚಿವಾಲಯ ಉಣುಗು ನಾಶಕ್ಕೆ ಔಷಧ ಸಿಂಪಡಿಸುತ್ತದೆ, ಬಕ್ರೀದ್ ಹತ್ತಿರ ಬಂದಂತೆ ಪುರಸಭೆಯ ವಧಾಗಾರಗಳಲ್ಲೇ ಕೊಯ್ಯಿಸಿ ಎಂದು ಜನರಿಗೆ ಹೇಳುತ್ತದೆ. ಇಷ್ಟಿದ್ದೂ ದೊಡ್ಡಿಯಲ್ಲಿ ರೋಗವಿರುವುದು ಗೊತ್ತಾಗುವುದು ಆಸ್ಪತ್ರೆಯಲ್ಲಿ, ಮನುಷ್ಯನೊಬ್ಬ ಹಾಸಿಗೆ ಹಿಡಿದ ಮೇಲೆ. ಇದನ್ನು ಕಣ್ಗಾವಲು ಎನ್ನಲು ನನಗೆ ಮನಸ್ಸು ಬಾರದು.

ಒಂಟೆಗಳ ಕಥೆಯೂ ಇದೇ. ಮನುಷ್ಯರಿಗೆ ಉಸಿರಾಟದ ರೋಗ ತರುವ ಮರ್ಸ್ ವೈರಸ್ 2012ರಲ್ಲಿ ಸೌದಿಯಲ್ಲಿ ಪತ್ತೆಯಾಯಿತು. ಮರುವರ್ಷದ ಆಗಸ್ಟ್‌ನಲ್ಲಿ ನೆದರ್ಲೆಂಡ್ಸ್ ಸಂಶೋಧಕರ ವರದಿ ಹೊರಬಿತ್ತು: ಓಟದಿಂದ ನಿವೃತ್ತವಾದ ಒಮಾನಿನ 50 ಒಂಟೆಗಳಲ್ಲಿ ಐವತ್ತರಲ್ಲೂ ಆ ವೈರಸ್ಸಿನ ವಿರುದ್ಧದ ಪ್ರತಿಕಾಯಗಳಿದ್ದವು. ಒಮಾನಿನಲ್ಲಿ ಮೊದಲ ಮನುಷ್ಯ ಪ್ರಕರಣ ವರದಿಯಾದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಓಟದ ಒಂಟೆಗಳಿಗೆ ವೈದ್ಯರಿದ್ದಾರೆ, ತರಬೇತುದಾರರಿದ್ದಾರೆ, ದುಡ್ಡು ಸುರಿಯುವ ಮಾಲೀಕರಿದ್ದಾರೆ. ಸುಳಿವು ಮಾತ್ರ ಯುರೋಪಿನ ಪ್ರಯೋಗಾಲಯದಿಂದ ಬರಬೇಕಾಯಿತು. ಮೂಗು ಸೋರುವುದನ್ನು ಬಿಟ್ಟರೆ ಒಂಟೆಗೆ ಹೆಚ್ಚೇನೂ ತೊಂದರೆಯಿರಲಿಲ್ಲ, ಓಟ ನಿಂತಿರಲಿಲ್ಲ. ಮಾಲೀಕರಿಗೆ ಕೇಳುವ ಅಗತ್ಯ ಬೀಳಲಿಲ್ಲ.

ಉದ್ಯಮದ ಪಾಲು ಎಲ್ಲೂ ಇಲ್ಲವೆಂದಲ್ಲ. ಜಾನುವಾರುಗಳಿಂದ ಮನುಷ್ಯರಿಗೂ ಹರಡುವ ರಿಫ್ಟ್ ಕಣಿವೆ ಜ್ವರದ ಭಯದಿಂದ ಸೊಮಾಲಿ ಜಾನುವಾರುಗಳಿಗೆ ಸೌದಿ 2000ದಲ್ಲಿ ಹೇರಿದ ನಿಷೇಧ 2009ರವರೆಗೆ ಇತ್ತು. ಅದು ಸಡಿಲವಾಗಲು ನೆರವಾದದ್ದು ವ್ಯಾಪಾರಿಗಳೇ ಹಣ ಹಾಕಿ ಕಟ್ಟಿದ ಕ್ವಾರಂಟೈನ್ ಕೇಂದ್ರಗಳು. ಹಡಗು ಹತ್ತುವ ಮೊದಲು ಪ್ರಾಣಿಗಳ ರಕ್ತ ಪರೀಕ್ಷೆಯಾಗದಿದ್ದರೆ ವ್ಯಾಪಾರವೇ ಇಲ್ಲವಾದಾಗ ವ್ಯಾಪಾರಿ ತಾನಾಗಿ ಮುಂದೆ ಬಂದ. ಇದಕ್ಕೆ ತದ್ವಿರುದ್ಧವಾದದ್ದು ಈಜಿಪ್ಟ್. 2009ರಲ್ಲಿ ಎಚ್‌1ಎನ್‌1 ಹಬ್ಬುವ ಹೊತ್ತಿಗೆ, ಒಂದು ಹಂದಿಯಲ್ಲೂ ಆ ವೈರಸ್ ಕಾಣದಿದ್ದರೂ, ಅಲ್ಲಿನ ಸರ್ಕಾರ ದೇಶದ ಹಂದಿಗಳನ್ನೆಲ್ಲ ಕೊಲ್ಲಿಸಿತು. ಕೈರೋದ ಕಸ ಆಯ್ದು ಹಂದಿ ಸಾಕುತ್ತಿದ್ದ ಬಡವರ ಬದುಕು ಬೀದಿಗೆ ಬಿತ್ತು. ಅದಾದ ಮೇಲೆ ಹಂದಿಗೆ ಹುಷಾರಿಲ್ಲವೆಂದು ಅವರಲ್ಲಿ ಯಾರು ತಾನೇ ಸರ್ಕಾರದ ಬಾಗಿಲಿಗೆ ಹೋದಾರು?

ಒಮಾನಿನಲ್ಲಿ ಆ ಬಗೆಯ ಕ್ರೌರ್ಯವಿಲ್ಲ. ಅಲ್ಲಿನ ಕೊರತೆ ಬೇರೆ ತರಹದ್ದು. ದೊಡ್ಡಿಯಲ್ಲಿ ದುಡಿಯುವವನ ಕೆಲಸ, ವಾಸ, ವೀಸಾ ಮೂರೂ ಒಬ್ಬನೇ ಧಣಿಯ ಕೈಯಲ್ಲಿ. ಕರಾರು ಮುಗಿದ ಮೇಲೆ ಹಳೆಯ ಮಾಲೀಕನ ಒಪ್ಪಿಗೆ ಪತ್ರವಿಲ್ಲದೆ ಬೇರೆ ಕಡೆ ಸೇರಬಹುದೆಂಬ ನಿಯಮ ಬಂದದ್ದು 2021ರಲ್ಲಿ. ಕರಾರಿನ ನಡುವೆ ಜ್ವರ ಬಂದವನು, ನಮ್ಮ ದೊಡ್ಡಿಯಲ್ಲಿ ಉಣುಗು ವಿಪರೀತ ಎಂದು ಪಶುವೈದ್ಯರ ಮುಂದೆ ಹೇಳುವ ಮೊದಲು ಊರಿಗೆ ಕಳಿಸಬೇಕಾದ ಹಣವನ್ನು ನೆನೆಯುತ್ತಾನೆ. ಹೇಳಿದ್ದಕ್ಕೆ ಕೆಲಸ ಹೋಗದು ಎಂಬ ಲಿಖಿತ ಖಾತ್ರಿ ಅವನಿಗೆ ಬೇಕು. ಜ್ವರದ ದಿನಗಳ ಸಂಬಳ ಬೇಕು. ಉರ್ದು, ಬಂಗಾಳಿ, ಮಲಯಾಳದಲ್ಲಿ ಮಾತಾಡಿ ದೂರು ಕೊಡಬಹುದಾದ ಫೋನ್ ಸಂಖ್ಯೆ ಬೇಕು.

ಇದಕ್ಕೆಲ್ಲ ಹಣ ಎಲ್ಲಿಂದ ಎಂಬ ಪ್ರಶ್ನೆ ಬಂದರೆ, ಆಮದುದಾರರಿಂದ ಪ್ರಾಣಿಯೊಂದಕ್ಕೆ ಇಷ್ಟೆಂದು ವಸೂಲಿ ಮಾಡಿ ಪ್ರತ್ಯೇಕ ನಿಧಿ ಕಟ್ಟಬಹುದು. ಬ್ರಿಟನ್ನಿನ ಹಂದಿ ಸಾಕಣೆದಾರರು ತಲೆಗಿಷ್ಟೆಂದು ಸುಂಕ ಕಟ್ಟುತ್ತಲೇ ಇದ್ದಾರೆ. ಪಶುವೈದ್ಯರು ಬಕ್ರೀದ್‌ಗೆ ಮುಂಚೆ ಔಷಧ ಸಿಂಪಡಿಸಲು ಹೋಗುವ ದೊಡ್ಡಿಗಳಲ್ಲಿ ಅದೇ ದಿನ ಉಣುಗುಗಳನ್ನು ಕಿತ್ತು ಪ್ರಯೋಗಾಲಯಕ್ಕೆ ಕಳಿಸಲಿ. 1996ರ ಸುಮಾರಿಗೆ ನಡೆದಂಥ ರಕ್ತ ಪರೀಕ್ಷೆಯನ್ನು ಆ ದೊಡ್ಡಿಗಳ, ವಧಾಗಾರಗಳ ಕೆಲಸಗಾರರಿಗೆ ಎರಡು ವರ್ಷಕ್ಕೊಮ್ಮೆಯಾದರೂ ಮಾಡಿಸಲಿ, ಅದರ ಫಲಿತಾಂಶವನ್ನು ಮೊದಲು ಅವರ ಕೈಗೇ ಕೊಡಲಿ.