ಪಟ್ಟಿಯ ಹೊರಗಿನವರು: ಸಣ್ಣ ಸಮೀಕ್ಷೆಯ ವಿಧಾನವನ್ನು ಕುರಿತು

ಹೊರನಾಡಿನಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಕನ್ನಡ ಎಷ್ಟರಮಟ್ಟಿಗೆ ಉಳಿದಿದೆ? ಕನ್ನಡ ಸಂಘಗಳಲ್ಲಿ ಮೇಲಿಂದ ಮೇಲೆ ಏಳುವ ಪ್ರಶ್ನೆಯಿದು. ಪ್ರಶ್ನೆ ಯೋಗ್ಯವಾದುದೇ, ಉತ್ತರವನ್ನರಸುವ ರೂಢಿಯ ಕ್ರಮ ಮಾತ್ರ ವಿಮರ್ಶೆಗೆ ಅರ್ಹವಾಗಿದೆ. ಸದಸ್ಯರ ಪಟ್ಟಿಯನ್ನು ಹಿಡಿದು ಪ್ರಶ್ನಾವಳಿಯನ್ನು ಹಂಚುವುದು, ಹಿಂದಿರುಗಿ ಬಂದವನ್ನು ಶೇಕಡಾವಾರು ಮಾಡುವುದು, ಫಲಿತಾಂಶವನ್ನು ವಾರ್ಷಿಕೋತ್ಸವದಲ್ಲಿ ಓದುವುದು—ಇಷ್ಟಕ್ಕೆ ಸಮೀಕ್ಷೆಯೆಂಬ ಹೆಸರು ಸಲ್ಲುತ್ತಿದೆ. ಆದರೆ ಸಂಘಕ್ಕೆ ಚಂದಾ ಕೊಡುವವನು ಕನ್ನಡವನ್ನು ಬಿಟ್ಟಿಲ್ಲವೆಂಬುದು ಕೇಳುವುದಕ್ಕೆ ಮೊದಲೇ ತಿಳಿದ ಸಂಗತಿ. ಬಿಟ್ಟವನು ನಮ್ಮ ಪಟ್ಟಿಯಲ್ಲಿಯೇ ಇಲ್ಲ. ಶಾಖೆಯ ವ್ಯವಸ್ಥಾಪಕನು ಆರಿಸಿ ಕೊಟ್ಟ ರಸೀದಿಗಳನ್ನಷ್ಟೇ ನೋಡಿ ಲೆಕ್ಕ ಸರಿಯಾಗಿದೆಯೆಂದು ಸಹಿ ಹಾಕುವ ಪರಿಶೋಧಕನನ್ನು ಯಾವ ಬ್ಯಾಂಕೂ ಒಪ್ಪುವುದಿಲ್ಲ.

ಸಂಖ್ಯೆ ಹೆಚ್ಚಿದರೆ ದೋಷ ತಾನಾಗಿ ಕಳೆಯುವುದೆಂಬ ನಂಬಿಕೆಯೂ ನಿಲ್ಲತಕ್ಕದ್ದಲ್ಲ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಮಂದಿಗೆ ಮಾದರಿ ಮತಪತ್ರ ಕಳುಹಿಸಿ, 20 ಲಕ್ಷಕ್ಕೂ ಮಿಕ್ಕಿ ಉತ್ತರಗಳನ್ನು ಪಡೆದು, ಲ್ಯಾಂಡನ್ ಗೆಲ್ಲುವರೆಂದು ಸಾರಿತು. ರೂಸ್‌ವೆಲ್ಟರು 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಪತ್ರಿಕೆಯ ಪಟ್ಟಿ ಬಹುಮಟ್ಟಿಗೆ ದೂರವಾಣಿ ಉಳ್ಳವರದು, ಮೋಟಾರು ಉಳ್ಳವರದು. ಅವರಲ್ಲಿಯೂ ಉತ್ತರ ಬರೆದವರು ಒಂದು ಪಾಲು ಮಾತ್ರ.

ನಮ್ಮ ನೆರೆಯಲ್ಲಿಯೇ ನಡೆದ ಒಂದು ಅಧ್ಯಯನ ಈ ಸಂದರ್ಭದಲ್ಲಿ ಸ್ಮರಣಾರ್ಹ. ಶ್ಯಾಮಾಚರಣ ದುಬೆಯವರು 1951-52ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿವಿಧ ವಿಭಾಗಗಳ ತಂಡದೊಡನೆ ಸಿಕಂದರಾಬಾದಿನ ಉತ್ತರಕ್ಕಿರುವ ಶಾಮೀರ್‌ಪೇಟೆಯನ್ನು ಅಭ್ಯಸಿಸಿದರು. ಅದರ ಫಲವೇ 1955ರ ‘ಇಂಡಿಯನ್ ವಿಲೇಜ್’. ತಂಡ ಗ್ರಾಮಸೇವೆಯನ್ನೂ ಸಂಶೋಧನೆಯನ್ನೂ ಒಂದುಗೂಡಿಸಿತ್ತು. ಅದರ ಬಲ ಸ್ಪಷ್ಟವಾಗಿದೆ: ಸೇವೆಗೆ ಬಂದವನಿಗೆ ಮನೆಯ ಬಾಗಿಲು ಬೇಗ ತೆರೆಯುತ್ತದೆ. ಅದರ ಅಪಾಯವೂ ಅಲ್ಲಿಯೇ ಇದೆ: ಉಪಕಾರ ಪಡೆದವನು ಉಪಕಾರಿಗೆ ಹಿತವಾದ ಉತ್ತರವನ್ನು ಕೊಡಲು ಒಲಿಯುತ್ತಾನೆ. ಕನ್ನಡ ಸಂಘದ ಹೆಸರು ಹೇಳಿಕೊಂಡು ಹೋದವನಿಗೂ “ಮನೆಯಲ್ಲಿ ಕನ್ನಡವೇ” ಎಂಬ ಸೌಜನ್ಯದ ಉತ್ತರ ದೊರೆಯುವುದು ಸಹಜ.

ಮೈಸೂರಿನವರಾದ ಎಂ. ಎನ್. ಶ್ರೀನಿವಾಸರು 1948ರಲ್ಲಿ ‘ರಾಮಪುರ’ವೆಂದು ತಾವು ಕರೆದ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದ ಬಳಿಕ ನೆನಪಿನಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂದಿತು. ವಿಧಾನದ ದೃಷ್ಟಿಯಿಂದ ಆ ಗ್ರಂಥದ ಅತ್ಯಮೂಲ್ಯ ಅಂಶವೆಂದರೆ ಲೇಖಕರ ಪ್ರಾಮಾಣಿಕತೆ. ತಾವು ಬ್ರಾಹ್ಮಣರಾಗಿ, ಮುಖ್ಯಸ್ಥರ ಆಶ್ರಯದಲ್ಲಿದ್ದುದರಿಂದ ದಲಿತ ಕೇರಿಯೊಡನೆ ತಮ್ಮ ಒಡನಾಟಕ್ಕೆ ಮಿತಿಯುಂಟಾಯಿತೆಂಬುದನ್ನು ಅವರು ಮರೆಮಾಚಲಿಲ್ಲ. ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದೂ ಸಮೀಕ್ಷೆಯ ಒಂದು ಅಂಕಿಯೇ.

ಈ ಪಾಠಗಳನ್ನು ನಾಂಪಲ್ಲಿಗೆ ಅನ್ವಯಿಸಿ ನೋಡೋಣ. 1956ರ ನವೆಂಬರ್ 1ರಂದು ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಹೈದರಾಬಾದು ಅಲ್ಲಿಯವರಿಗೆ ರಾಜಧಾನಿಯಾಗಿದ್ದಿತು. ಆ ಕಡೆಯಿಂದ ನೌಕರಿಗೆ ಬಂದವರು, ಇಂದಿಗೂ ಕಟ್ಟಡದ ಕೂಲಿಗೆ ಬರುವವರು, ಮನೆಯಲ್ಲಿ ದಖ್ಖನಿಯನ್ನೂ ಕನ್ನಡವನ್ನೂ ಆಡುವ ಮುಸಲ್ಮಾನರು—ಇವರೆಲ್ಲರೂ ನಮ್ಮ ಪ್ರಶ್ನೆಯ ವ್ಯಾಪ್ತಿಗೆ ಸೇರಿದವರೇ. ಸಂಘದ ಪಟ್ಟಿಯಲ್ಲಿ ಇವರಲ್ಲಿ ಎಷ್ಟು ಮಂದಿಯಿದ್ದಾರೆ?

ಜನಗಣತಿಯಿಂದ ಈ ಕೊರತೆ ತುಂಬುವುದಿಲ್ಲ. 2011ರ ಗಣತಿ ದೇಶದಲ್ಲಿ ಸುಮಾರು 4 ಕೋಟಿ 37 ಲಕ್ಷ ಕನ್ನಡಿಗರನ್ನು ಎಣಿಸಿತು. ಆದರೆ ಗಣತಿಯಲ್ಲಿ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆ. ಆ ಮಗು ದೊಡ್ಡವನಾಗಿ ಇಂದು ತನ್ನ ಮಗನೊಡನೆ ಯಾವ ಭಾಷೆ ಆಡುತ್ತಾನೆಂಬುದು ಅದರಲ್ಲಿ ಸಿಗದು. ಸಣ್ಣ ಸಮೀಕ್ಷೆ ಕೇಳಬೇಕಾದುದು ಇದನ್ನೇ, ಅದೂ ಯಜಮಾನನೊಬ್ಬನನ್ನಲ್ಲ. ಅಜ್ಜಿ ಮೊಮ್ಮಗಳೊಡನೆ, ತಾಯಿ ತಂದೆಯೊಡನೆ, ಮಕ್ಕಳು ತಮ್ಮತಮ್ಮೊಳಗೆ—ಯಾರು ಯಾರೊಡನೆ ಯಾವ ಭಾಷೆ ಆಡುತ್ತಾರೆಂದು ಬೇರೆಬೇರೆಯಾಗಿ ಕೇಳಿ ಬರೆದುಕೊಳ್ಳಬೇಕು. “ನಿಮಗೆ ಕನ್ನಡಾಭಿಮಾನವಿದೆಯೇ?” ಎಂಬಂಥ ಪ್ರಶ್ನೆಗೆ ಇಲ್ಲವೆನ್ನುವವರಾರು?

ಪಟ್ಟಿಯನ್ನು ಗಲ್ಲಿಯಿಂದ ಕಟ್ಟಬೇಕು. ನಾಂಪಲ್ಲಿಯ ಗಲ್ಲಿಗಳ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ನಾಲ್ಕಾರನ್ನು ಎತ್ತಿ, ಆ ಗಲ್ಲಿಗಳ ಪ್ರತಿಯೊಂದು ಬಾಗಿಲನ್ನೂ ತಟ್ಟಬೇಕು. ಮೊದಲ ಪ್ರಶ್ನೆ ತೆಲುಗಿನಲ್ಲೋ ದಖ್ಖನಿಯಲ್ಲೋ ಇರಬೇಕು: “ಈ ಮನೆಯ ಹಿರಿಯರಲ್ಲಿ ಯಾರಾದರೂ ಕನ್ನಡ ಆಡುತ್ತಿದ್ದರೇ?” ಇದನ್ನು ಕನ್ನಡದಲ್ಲಿಯೇ ಕೇಳಿದರೆ, ಕನ್ನಡವನ್ನು ಕಳೆದುಕೊಂಡ ಮನೆ ಅಲ್ಲಿಯೇ ಕೈತಪ್ಪುತ್ತದೆ. ಜನವರಿಯಲ್ಲಿ ನುಮಾಯಿಷ್ ಆರಂಭವಾದ ಮೇಲೆ ಬೀದಿಗಳು ಕಿಕ್ಕಿರಿದು ಮನೆಗಳಲ್ಲಿ ಬಿಡುವಿರದು. ಕಾಲವನ್ನೂ ಅದಕ್ಕನುಸಾರವಾಗಿ ಆರಿಸಬೇಕು. ಬಂಗಾಳದಲ್ಲಿ ಸೆಣಬಿನ ಬೆಳೆಯ ಅಂದಾಜಿಗಾಗಿ ಮಹಾಲನೋಬಿಸರು ಅನುಸರಿಸಿದ ಎರಡು ಕ್ರಮಗಳು ನಮಗೂ ಒದಗುತ್ತವೆ. ದೊಡ್ಡದಕ್ಕೆ ಮೊದಲು ಚಿಕ್ಕ ಪ್ರಾಯೋಗಿಕ ಸಮೀಕ್ಷೆ ನಡೆಸಿ ಪ್ರಶ್ನೆಗಳನ್ನು ತಿದ್ದುವುದು ಒಂದು. ಮಾದರಿಯನ್ನು ಎರಡಾಗಿಸಿ, ಬೇರೆಬೇರೆ ಜನರಿಂದ ಕೆಲಸ ಮಾಡಿಸಿ, ಫಲಿತಾಂಶಗಳನ್ನು ಹೋಲಿಸುವುದು ಇನ್ನೊಂದು.

ಇಷ್ಟು ಶ್ರಮದಿಂದ ಹತ್ತಿಪ್ಪತ್ತು ಕನ್ನಡ ಮನೆಗಳಷ್ಟೇ ದೊರೆತಾವು ಎಂಬ ಆಕ್ಷೇಪಣೆ ಬರಬಹುದು. ನಿಜ, ಅಷ್ಟರಿಂದ ಹೈದರಾಬಾದಿನ ಕನ್ನಡಿಗರೆಲ್ಲರ ವಿಷಯವಾಗಿ ಶೇಕಡಾವಾರು ಮಾತನಾಡಲಾಗದು, ಆಡಲೂ ಬಾರದು. ಆದರೆ ಯಾವ ತಲೆಮಾರಿನಲ್ಲಿ, ಯಾರ ಬಾಯಲ್ಲಿ ಭಾಷೆ ನಿಲ್ಲುತ್ತದೆಂಬುದಕ್ಕೆ ನಂಬತಕ್ಕ ಸಾಕ್ಷ್ಯ ಅಲ್ಲಿ ಸಿಗಬಲ್ಲುದು. ಮಕ್ಕಳಿಗೆ ವಾರಕ್ಕೊಂದು ತರಗತಿ ನಡೆಸಬೇಕೇ, ತಾಯಂದಿರನ್ನು ಮೊದಲು ಕೂಡಿಸಬೇಕೇ ಎಂಬ ನಿರ್ಧಾರಕ್ಕೆ ಬೇಕಾದುದು ಆ ಸಾಕ್ಷ್ಯವೇ. ವರದಿಯಲ್ಲಿ ಬೀಗ ಹಾಕಿದ ಮನೆಗಳೆಷ್ಟು, ಉತ್ತರ ಕೊಡದವರೆಷ್ಟು ಎಂಬುದನ್ನೂ ಮೊದಲ ಪುಟದಲ್ಲಿಯೇ ಅಚ್ಚುಮಾಡಬೇಕು. ಮನೆಗಳ ಹೆಸರುಗಳನ್ನು ಮಾತ್ರ ಎಲ್ಲಿಯೂ ಅಚ್ಚುಮಾಡಬಾರದು.