ಮಾಲೀಕರಿಲ್ಲದ ಜಾಲದ ಯಜಮಾನರು

ಬೇರೆಬೇರೆಯವರು ನಡೆಸುವ ಸರ್ವರ್‌ಗಳು ಸೇರಿ ಆದ, ಟ್ವಿಟರ್‌ನಂಥ ಸಾಮಾಜಿಕ ಜಾಲ ಮ್ಯಾಸ್ಟೊಡಾನ್ ಬಗ್ಗೆ ನಮ್ಮಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ಒಂದು ಅದರ ಅಭಿಮಾನಿಗಳದು: ಇಲ್ಲಿ ಮಾಲೀಕರಿಲ್ಲ, ಕೋಡ್ ಎಲ್ಲರದು, ಒಂದು ಸರ್ವರ್ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಬಹುದು, ಆದ್ದರಿಂದ ಇದು ಸ್ವತಂತ್ರ. ಇನ್ನೊಂದು, ಬಂದು ನೋಡಿ ವಾಪಸು ಹೋದವರದು: ಸರ್ವರ್ ಆರಿಸುವುದೇ ಗೊಂದಲ, ಅದಕ್ಕೇ ಇದು ಸೋತಿತು. ಈ ಜಾಲದಲ್ಲಿ ವರ್ಷಗಳಿಂದ ಬರೆಯುತ್ತ, ಅದು ಉಳಿಯಲಿ ಎಂದು ಮನಸಾರೆ ಬಯಸುವ ನನಗೆ ಎರಡೂ ಮಾತು ಒಪ್ಪಿಗೆಯಿಲ್ಲ. ಇಲ್ಲಿ ಅಧಿಕಾರ ಕರಗಿಹೋಗಿದೆ ಎಂದು ಎರಡೂ ಕಡೆಯವರು ನಂಬಿದ್ದಾರೆ. ಅದು ಕೈ ಬದಲಾಯಿಸಿದೆ, ಅಷ್ಟೆ. ಸಂಬಳವಿಲ್ಲದೆ ಸರ್ವರ್ ನಡೆಸುವ ಅಡ್ಮಿನ್ ಹತ್ತಿರ ಒಂದಿಷ್ಟು, ತಂತ್ರಾಂಶದ ಡಿಫಾಲ್ಟ್‌ಗಳನ್ನು ತೀರ್ಮಾನಿಸುವ ಕೆಲವರ ಹತ್ತಿರ ಇನ್ನೊಂದಿಷ್ಟು ಅಧಿಕಾರ ಉಳಿದಿದೆ. ಅವರನ್ನು ಪ್ರಶ್ನಿಸುವ ದಾರಿಯೊಂದು ಬಳಕೆದಾರರಿಗೆ ಸಿಗುವವರೆಗೆ ಎಷ್ಟು ಹೊಸ ಫೀಚರ್ ಬಂದರೂ ಅದನ್ನು ಸುಧಾರಣೆ ಎಂದು ಕರೆಯಲು ನಾನು ಸಿದ್ಧನಿಲ್ಲ.

ಮೊದಲು ಸೋಲಿನ ಕಥೆಯನ್ನು ನೋಡೋಣ. 2019ರ ಕೊನೆಯಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿತು. ನಾಜಿ ಸೆಲ್ಯೂಟ್ ಹೊಡೆಯುವ ಗುಂಪಿನ ನಡುವೆ ಕೈಕಟ್ಟಿ ನಿಂತ ಒಬ್ಬನ ಹಳೆಯ ಫೋಟೊ, ಗೋರಖ್ ಪಾಂಡೆಯವರ ಒಂದು ಹಿಂದಿ ಕವಿತೆ, ಇವು ಆ ವಿವಾದದ ಮೂಲ. ಸಾವಿರಾರು ಭಾರತೀಯರು ಆಗ ಮ್ಯಾಸ್ಟೊಡಾನ್‌ಗೆ ಬಂದರು. 2022ರ ಅಕ್ಟೋಬರ್ ಕೊನೆಗೆ ಇಲಾನ್ ಮಸ್ಕ್ 4400 ಕೋಟಿ ಡಾಲರ್ ಕೊಟ್ಟು ಟ್ವಿಟರ್ ಕೊಂಡಾಗ ಜಗತ್ತೇ ಬಂತು. ತಿಂಗಳ ಸಕ್ರಿಯ ಬಳಕೆದಾರರು ಸುಮಾರು 25 ಲಕ್ಷ ಮುಟ್ಟಿದರು. ಎರಡು ಸಲವೂ ಬಂದವರಲ್ಲಿ ಬಹಳ ಜನ ನಿಲ್ಲಲಿಲ್ಲ. ಕಾರಣ ಕೇಳಿದರೆ ಸಿದ್ಧ ಉತ್ತರ: ಬಳಸುವುದು ಕಷ್ಟ. ಬೆಳಿಗ್ಗೆ ಹತ್ತಕ್ಕೆ ಕೂತು ತತ್ಕಾಲ್ ಟಿಕೆಟ್ ಹಿಡಿಯಬಲ್ಲ ಜನಕ್ಕೆ ಸರ್ವರ್ ಆರಿಸುವುದು ಬೆಟ್ಟವಾಯಿತು ಎನ್ನುವುದನ್ನು ನಾನು ನಂಬುವುದಿಲ್ಲ. ಅದೂ ಅಲ್ಲದೆ, ಆ ಕಷ್ಟವನ್ನು 2023ರ ಮೇ ತಿಂಗಳಲ್ಲೇ ತೆಗೆದುಹಾಕಲಾಯಿತು. ಅಧಿಕೃತ ಆಪ್ ತೆರೆದರೆ ಮ್ಯಾಸ್ಟೊಡಾನ್ ಡಾಟ್ ಸೋಶಿಯಲ್ ಎಂಬ ಸರ್ವರ್ ಮೊದಲ ಆಯ್ಕೆಯಾಗಿ ಎದುರಾಗತೊಡಗಿತು, ಒತ್ತಿದರೆ ಆಯಿತು. ಹೋದವರು ಅದರಿಂದ ವಾಪಸು ಬರಲಿಲ್ಲ. ಅತಿ ದೊಡ್ಡ ಸರ್ವರ್ ಇನ್ನಷ್ಟು ದೊಡ್ಡದಾಗುವ ದಾರಿ ಮಾತ್ರ ಸಲೀಸಾಯಿತು.

ಜನ ನಿಲ್ಲದಿರಲು ಕಾರಣ ಅವರ ಕಣ್ಣಿಗೆ ಬಿದ್ದ ಖಾಲಿತನ. ಆ ಖಾಲಿತನ ಬರುವುದು ಈ ಜಾಲದ ರಚನೆಯ ಒಳಗಿನಿಂದಲೇ. ಮ್ಯಾಸ್ಟೊಡಾನ್ ಸೇರಿರುವ, ಫೆಡಿವರ್ಸ್ ಎಂದು ಕರೆಯುವ ಜಾಲದ ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದು ಆಕ್ಟಿವಿಟಿಪಬ್ ಎಂಬ ಪ್ರೋಟೊಕಾಲ್ ಮೂಲಕ. 2018ರಲ್ಲಿ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಅದಕ್ಕೆ ಮಾನದಂಡದ ಮುದ್ರೆ ಒತ್ತಿತು. ಆದರೆ ಒಂದು ಸರ್ವರ್‌ಗೆ ಇಡೀ ಜಾಲದ ಪೋಸ್ಟ್‌ಗಳು ಬರುವುದಿಲ್ಲ. ಅಲ್ಲಿನ ಸದಸ್ಯರು ಯಾರನ್ನು ಫಾಲೋ ಮಾಡಿದ್ದಾರೋ ಮುಖ್ಯವಾಗಿ ಅವರ ಪೋಸ್ಟ್‌ಗಳು ಬರುತ್ತವೆ. ಹಳ್ಳಿಯ ವಾಚನಾಲಯಕ್ಕೆ ಯಾರಾದರೂ ಚಂದಾ ಕಟ್ಟಿದ ಪತ್ರಿಕೆಯಷ್ಟೇ ಬರುವ ಹಾಗೆ. ಕನ್ನಡ ಎಂಬ ಹ್ಯಾಷ್‌ಟ್ಯಾಗನ್ನು ನೂರಿನ್ನೂರು ಜನರ ಸರ್ವರೊಂದರಿಂದ ತೆರೆದು ನೋಡಿ. ನಾಲ್ಕೈದು ಪೋಸ್ಟ್, ಮೇಲಿನದು ಹೋದ ವಾರದ್ದು. ಅದೇ ಟ್ಯಾಗನ್ನು ಅದೇ ಗಳಿಗೆಯಲ್ಲಿ ದೊಡ್ಡ ಸರ್ವರ್‌ನಲ್ಲಿ ತೆರೆದರೆ ಸ್ಕ್ರೋಲ್ ಮಾಡುವಷ್ಟಿರುತ್ತದೆ. ಒಂದೇ ಪೋಸ್ಟಿನ ಕೆಳಗೆ ಇಲ್ಲಿ ಒಂದೆರಡು ಉತ್ತರ, ಅಲ್ಲಿ ಬಿಸಿಬಿಸಿ ಚರ್ಚೆ. ಚಿಕ್ಕ ಸರ್ವರ್ ಸೇರಿದವನಿಗೆ ತಾನು ಅರ್ಧ ಮಾತು ಕೇಳುತ್ತಿದ್ದೇನೆ ಎಂಬುದೂ ತಿಳಿಯುವುದಿಲ್ಲ. ಈ ಜಾಲದಲ್ಲಿ ಕನ್ನಡದವರೇ ಇಲ್ಲ ಎಂದುಕೊಂಡು ಅವನು ಹೊರಟುಹೋಗುತ್ತಾನೆ.

ಅಭಿಮಾನಿಗಳು ಗಮನಿಸದೇ ಇರುವುದು ಇದನ್ನೇ. ‘ದೊಡ್ಡ ಸರ್ವರ್ ಬೇಡ, ಚಿಕ್ಕದನ್ನು ಸೇರಿ’ ಎಂಬುದು ನಮ್ಮ ಬೋಧನೆ. ಆ ಬೋಧನೆಯನ್ನು ನಂಬಿ ಹೋದವನಿಗೆ ತಂತ್ರಾಂಶ ಕೊಡುವ ಫಲ ಮೌನ. ವಿಕೇಂದ್ರೀಕರಣದ ಹೆಸರಿನಲ್ಲಿ ಕಟ್ಟಿದ ವ್ಯವಸ್ಥೆ ಜನರನ್ನು ಮತ್ತೆ ಕೇಂದ್ರದ ಕಡೆಗೇ ತಳ್ಳುತ್ತಿದೆ. ಇದಕ್ಕೆ ಮದ್ದಿಲ್ಲವೆಂದಲ್ಲ. ಸರ್ವರ್‌ಗಳ ನಡುವೆ ಪೋಸ್ಟ್ ಹಂಚುವ ರಿಲೇಗಳಿವೆ, ಮೂಲ ಸರ್ವರ್‌ನಿಂದ ಉತ್ತರಗಳನ್ನು ತರಿಸುವ ಏರ್ಪಾಡು ಇತ್ತೀಚಿನ ಆವೃತ್ತಿಗಳಲ್ಲಿ ಬಂದಿದೆ, 2023ರ ಸೆಪ್ಟೆಂಬರ್‌ನ ಆವೃತ್ತಿಯಲ್ಲಿ ಒಪ್ಪಿಗೆ ಕೊಟ್ಟವರ ಬರಹದಲ್ಲಿ ಪದ ಹುಡುಕುವ ಸೌಲಭ್ಯವೂ ಬಂತು. ಆದರೆ ಹುಡುಕಾಟಕ್ಕೆ ಎಲಾಸ್ಟಿಕ್‌ಸರ್ಚ್ ಎಂಬ ಇನ್ನೊಂದು ತಂತ್ರಾಂಶ ಬೇಕು, ಅದಕ್ಕೆ ಹೆಚ್ಚಿನ ಮೆಮೊರಿ ಬೇಕು. ರಿಲೇ ಸೇರಿದರೆ ಡಿಸ್ಕ್ ತುಂಬುತ್ತದೆ. ಎಲ್ಲಕ್ಕೂ ತಿಂಗಳ ಬಿಲ್ ಏರುತ್ತದೆ. ಬಿಲ್ ಕಟ್ಟುವವನು ತನ್ನ ಸಂಬಳದಿಂದ ಸರ್ವರ್ ನಡೆಸುವ ಒಬ್ಬ ಮನುಷ್ಯ. ತಾಂತ್ರಿಕ ಪ್ರಶ್ನೆ ಎಂದು ನಾವು ಪಕ್ಕಕ್ಕಿಡುವುದು ಹೀಗೆ ಸುತ್ತಿ ಬಳಸಿ ಹಣದ ಮತ್ತು ಹೊಣೆಯ ಪ್ರಶ್ನೆಯಾಗಿ ಎದುರು ನಿಲ್ಲುತ್ತದೆ.

‘ಹಿಡಿಸದಿದ್ದರೆ ಬೇರೆ ಸರ್ವರ್‌ಗೆ ಹೋಗು’ ಎಂಬ ಮಾತಿಗೆ ಬರುತ್ತೇನೆ. ಹೋಗಬಹುದು, ನಿಜ. ಹೋಗುವಾಗ ಫಾಲೋ ಮಾಡುವವರು ಹಿಂದೆ ಬರುತ್ತಾರೆ, ನೀವು ಬರೆದದ್ದು ಬರುವುದಿಲ್ಲ. ವರ್ಷಗಟ್ಟಲೆ ಬರೆದ ಪೋಸ್ಟ್‌ಗಳು ಹಳೆಯ ಸರ್ವರ್‌ನಲ್ಲೇ ಉಳಿಯುತ್ತವೆ. ಇನ್ನೂ ಮುಖ್ಯವಾದದ್ದು, ಈ ಸ್ಥಳಾಂತರಕ್ಕೆ ಹಳೆಯ ಸರ್ವರ್ ಬದುಕಿರಬೇಕು. ‘ಇವರು ಇಂಥ ಕಡೆ ಹೋಗಿದ್ದಾರೆ’ ಎಂದು ಎಲ್ಲರಿಗೂ ತಿಳಿಸುವುದು ಅದೇ. 2024ರ ಫೆಬ್ರವರಿಯಲ್ಲಿ ಕ್ವಿಯರ್ ಡಾಟ್ ಎಎಫ್ ಎಂಬ ಸರ್ವರ್‌ನ ವಿಳಾಸವನ್ನು ತಾಲಿಬಾನ್ ಆಡಳಿತದ ಅಫ್ಘಾನಿಸ್ತಾನ ಕಿತ್ತುಕೊಂಡಿತು, ಏಕೆಂದರೆ ‘ಎಎಫ್’ ಆ ದೇಶದ ಡೊಮೇನ್. ವಿಳಾಸವೇ ಇಲ್ಲದ ಮೇಲೆ ಅಲ್ಲಿಂದ ಹೊರಡುವ ಬಾಗಿಲೂ ಇಲ್ಲ. ಅದಕ್ಕೂ ಹಿಂದಿನ ವರ್ಷ, ಸಾವಿರಾರು ಜನರಿದ್ದ ಮ್ಯಾಸ್ಟೊಡಾನ್ ಡಾಟ್ ಎಲ್‌ಒಎಲ್ ಸರ್ವರನ್ನು ಅದರ ಅಡ್ಮಿನ್ ಜಗಳ, ಕಿರುಕುಳ ತಾಳಲಾರದೆ ಮುಚ್ಚುವುದಾಗಿ ಘೋಷಿಸಿದ. ಅವನನ್ನು ನಾನು ದೂರುವುದಿಲ್ಲ. ಅಷ್ಟು ಜನರ ಬರಹ, ಗೆಳೆತನ, ಗುರುತು ಒಬ್ಬನ ಸಹನೆಯ ಮೇಲೆ ನಿಂತಿತ್ತಲ್ಲ, ನನ್ನ ತಕರಾರು ಆ ಏರ್ಪಾಡಿನ ಮೇಲೆ. ಅದೇ 2023ರಲ್ಲಿ ಅಮೆರಿಕದ ಎಫ್‌ಬಿಐ ಬೇರೊಂದು ತನಿಖೆಗೆಂದು ಕೊಲೆಕ್ಟಿವಾ ಸರ್ವರ್‌ನ ಅಡ್ಮಿನ್ ಒಬ್ಬರ ಮನೆ ಶೋಧಿಸಿದಾಗ ಆ ಸರ್ವರ್‌ನ ಡೇಟಾಬೇಸ್ ಬ್ಯಾಕಪ್ಪೂ ವಶವಾಯಿತು. ಅದು ಎನ್‌ಕ್ರಿಪ್ಟ್ ಆಗಿರಲಿಲ್ಲ.

ಇದನ್ನು ಕೇಳಿದರೆ ಕೆಲವರು ಬೆಂಗಳೂರಿನ ‘ಕೂ’ ಉದಾಹರಣೆ ಎತ್ತುತ್ತಾರೆ. 2020ರಲ್ಲಿ ಕನ್ನಡದಲ್ಲೇ ಮೊದಲು ಶುರುವಾಗಿ 2024ರ ಜುಲೈನಲ್ಲಿ ಬಾಗಿಲು ಹಾಕಿದ ಆ ವೇದಿಕೆ ಕೇಂದ್ರೀಕೃತವಾಗಿದ್ದಕ್ಕೇ ಅಲ್ಲಿ ಬರೆದವರಿಗೆ ನೆಲೆ ಇಲ್ಲದಂತಾಯಿತು ಎನ್ನುತ್ತಾರೆ. ವಾದದ ಅರ್ಧ ಸರಿ. ಒಂದು ಕಂಪನಿ ಮುಚ್ಚಿದರೆ ಎಲ್ಲರೂ ಒಟ್ಟಿಗೆ ಬೀದಿಗೆ ಬೀಳುತ್ತಾರೆ, ಒಂದು ಸರ್ವರ್ ಮುಚ್ಚಿದರೆ ಉಳಿದ ಜಾಲ ನಡೆಯುತ್ತಿರುತ್ತದೆ. ಆದರೆ ಆ ಸರ್ವರ್‌ನಲ್ಲಿದ್ದವನ ಪಾಲಿಗೆ ಎರಡೂ ಒಂದೇ. ಜಾಲ ಉಳಿಯಿತು ಎಂಬ ಸಮಾಧಾನದಿಂದ ಅವನು ಬರೆದದ್ದು ವಾಪಸು ಬರುವುದಿಲ್ಲ.

ಇನ್ನು ಓಪನ್ ಸೋರ್ಸ್ ಎಂಬ ರಕ್ಷಾಕವಚ. ಮ್ಯಾಸ್ಟೊಡಾನ್‌ನ ಕೋಡ್ ಎಜಿಪಿಎಲ್ ಪರವಾನಗಿಯಲ್ಲಿದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ತೆಗೆದುಕೊಂಡವರಲ್ಲಿ ತೀವ್ರ ಬಲಪಂಥೀಯರ ಗ್ಯಾಬ್ ಇತ್ತು, 2019ರಲ್ಲಿ. ಡೊನಾಲ್ಡ್ ಟ್ರಂಪ್ ಅವರ ಟ್ರೂತ್ ಸೋಶಿಯಲ್ ಇತ್ತು, 2021ರಲ್ಲಿ. ಮೂಲ ಕೋಡ್ ಪ್ರಕಟಿಸಬೇಕೆಂಬ ಷರತ್ತನ್ನು ನೆನಪಿಸಿದ ಮೇಲೆ ಟ್ರೂತ್ ಸೋಶಿಯಲ್‌ನವರು ಅದನ್ನು ಪಾಲಿಸಿದರು. ಪರವಾನಗಿ ಅಷ್ಟು ಮಾಡಬಲ್ಲದು, ಅದಕ್ಕಿಂತ ಹೆಚ್ಚಿನದನ್ನು ಮಾಡಲಾರದು. ಗ್ಯಾಬ್‌ನಿಂದ ಜಾಲವನ್ನು ಕಾಪಾಡಿದ್ದು ನೂರಾರು ಅಡ್ಮಿನ್‌ಗಳು ಅದನ್ನು ಬ್ಲಾಕ್ ಮಾಡಿದ ನಿರ್ಧಾರ. ಅದು ಶುದ್ಧ ರಾಜಕೀಯ ನಿರ್ಧಾರ, ಸರಿಯಾದ ನಿರ್ಧಾರ ಕೂಡ. ಹಾಗಿದ್ದರೆ ಅಂಥ ನಿರ್ಧಾರವನ್ನು ಯಾರು, ಯಾರ ಪರವಾಗಿ, ಯಾರನ್ನು ಕೇಳಿ ಮಾಡುತ್ತಾರೆ ಎಂದು ಕೇಳುವುದು ಸಹಜ. ಬಹುಪಾಲು ಸರ್ವರ್‌ಗಳಲ್ಲಿ ಉತ್ತರ: ಒಬ್ಬರೋ ಇಬ್ಬರೋ, ಯಾರನ್ನೂ ಕೇಳದೆ.

ಕೋಡ್‌ನ ಮಟ್ಟದಲ್ಲೂ ಇದೇ ಕತೆ. ಇನ್ನೊಬ್ಬರ ಪೋಸ್ಟನ್ನು ಉಲ್ಲೇಖಿಸಿ ಅದರ ಮೇಲೆ ಬರೆಯುವ ಸೌಲಭ್ಯ ಮ್ಯಾಸ್ಟೊಡಾನ್‌ನಲ್ಲಿ ವರ್ಷಗಟ್ಟಲೆ ಇರಲಿಲ್ಲ. ಅದು ಜನರನ್ನು ಹೀಯಾಳಿಸುವ ಆಯುಧವಾಗುತ್ತದೆ ಎಂಬುದು ಸ್ಥಾಪಕ ಯೂಜೆನ್ ರೋಚ್ಕೊ ಅವರ ನಿಲುವು. 2022ರಲ್ಲಿ ಬಂದ ಕಪ್ಪು ಸಮುದಾಯದ ಬಳಕೆದಾರರು, ತಮ್ಮ ಮಾತುಕತೆಯ ಪರಂಪರೆಯೇ ಅದರ ಮೇಲೆ ನಿಂತಿದೆ ಎಂದು ವಾದಿಸಿದರು. ಜನಾಂಗೀಯ ನಿಂದನೆಯ ಬಗ್ಗೆ ಬರೆದಾಗ ಅದನ್ನು ಕಂಟೆಂಟ್ ವಾರ್ನಿಂಗ್ ಹಿಂದೆ ಬಚ್ಚಿಡಿ ಎಂಬ ಉಪದೇಶವನ್ನೂ ಅವರು ಕೇಳಬೇಕಾಯಿತು. ಸೌಲಭ್ಯ ಕೊನೆಗೂ ಬಂದದ್ದು 2025ರಲ್ಲಿ. ತಮ್ಮನ್ನು ಯಾರು ಉಲ್ಲೇಖಿಸಬಹುದು ಎಂಬುದನ್ನು ಬರೆದವರೇ ನಿರ್ಧರಿಸುವ ಅದರ ವಿನ್ಯಾಸ ಟ್ವಿಟರ್‌ಗಿಂತ ಎಷ್ಟೋ ಸಭ್ಯ, ಒಪ್ಪುತ್ತೇನೆ. ಅಷ್ಟರಲ್ಲಿ ಕೇಳಿದವರು ಬಹುಪಾಲು ಹೊರಟುಹೋಗಿದ್ದರು. ರೋಚ್ಕೊ ಅವರ ಬಗ್ಗೆ ನನಗೆ ಗೌರವವಿದೆ. 2016ರಲ್ಲಿ ಒಬ್ಬರೇ ಶುರುಮಾಡಿದ್ದನ್ನು ಲಾಭರಹಿತ ಸಂಸ್ಥೆಯೊಂದಕ್ಕೆ ಒಪ್ಪಿಸುವುದಾಗಿ 2025ರ ಜನವರಿಯಲ್ಲಿ ಘೋಷಿಸಿ, ಅದೇ ವರ್ಷ ಸಿಇಒ ಹುದ್ದೆ ಬಿಟ್ಟರು. ಕೋಟ್ಯಧೀಶರ ಈ ಉದ್ಯಮದಲ್ಲಿ ಅದು ಅಪರೂಪದ ನಡೆ. ಆದರೆ ಒಬ್ಬರಿಂದ ಒಂದು ಆಡಳಿತ ಮಂಡಳಿಗೆ ಅಧಿಕಾರ ಹೋದರೆ ಬಳಕೆದಾರನಿಗೆ ಅದರಲ್ಲಿ ಮತವೇನೂ ಸಿಗುವುದಿಲ್ಲ.

ಮತ ಸಿಗುವ ಮಾದರಿ ಇದೇ ಜಾಲದಲ್ಲಿದೆ. ಸೋಶಿಯಲ್ ಡಾಟ್ ಕೂಪ್ ಎಂಬ ಸರ್ವರ್ 2017ರಿಂದ ಸಹಕಾರ ಸಂಘವಾಗಿ ನಡೆಯುತ್ತಿದೆ. ಸದಸ್ಯರು ಶಕ್ತ್ಯಾನುಸಾರ ಚಂದಾ ಕೊಡುತ್ತಾರೆ, ನಿಯಮಗಳನ್ನು ಚರ್ಚಿಸಿ ಮತ ಹಾಕುತ್ತಾರೆ, ಲೆಕ್ಕ ಬಯಲಲ್ಲಿರುತ್ತದೆ. ಕನ್ನಡಿಗರಿಗೆ ಇದು ಹೊರಗಿನಿಂದ ಕಲಿಯಬೇಕಾದ ವಿದ್ಯೆಯೂ ಅಲ್ಲ. ದೇಶದ ಮೊದಮೊದಲ ಕೃಷಿ ಸಹಕಾರ ಸಂಘಗಳಲ್ಲೊಂದು 1905ರಲ್ಲಿ ಹುಟ್ಟಿದ್ದು ಗದಗ ಜಿಲ್ಲೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ನಮ್ಮ ಸಹಕಾರ ಸಂಘಗಳಲ್ಲಿ ರಾಜಕಾರಣಿಗಳು ಸೇರಿಕೊಂಡಿದ್ದಾರೆ, ಠೇವಣಿ ಮುಳುಗಿದೆ, ಅದೇ ರೋಗವನ್ನು ಇಲ್ಲಿಗೂ ತರಬೇಕೆ ಎಂದು ಕೇಳುವವರಿದ್ದಾರೆ. ಆಕ್ಷೇಪ ಗಟ್ಟಿಯಾದದ್ದೇ. ಆದರೂ ಸಂಘದಲ್ಲಿ ಸರ್ವ ಸದಸ್ಯರ ಸಭೆಯಿದೆ, ಆಡಿಟ್ ಇದೆ, ಚುನಾವಣೆಯಿದೆ. ಕೆಟ್ಟದ್ದು ನಡೆದರೆ ಎದ್ದುನಿಂತು ಕೇಳುವ ಜಾಗವೊಂದಿದೆ. ಒಬ್ಬನ ಕ್ರೆಡಿಟ್ ಕಾರ್ಡಿನ ಮೇಲೆ ನಡೆಯುವ ಸರ್ವರ್‌ನಲ್ಲಿ ಆ ಜಾಗವೇ ಇಲ್ಲ.

ಸಂಘ ಬೇಕೆನ್ನಲು ಕಾನೂನಿನ ಕಾರಣವೂ ಇದೆ, ಉತ್ಸಾಹದಲ್ಲಿ ನಮ್ಮವರು ಇದನ್ನು ಮರೆಯುತ್ತಾರೆ. ಭಾರತದಲ್ಲಿ ಕುಳಿತು ಹತ್ತಾರು ಜನರಿಗೆ ಸರ್ವರ್ ನಡೆಸುವವರೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅರ್ಥದಲ್ಲಿ ಮಧ್ಯವರ್ತಿಗಳೇ. 50 ಲಕ್ಷ ಬಳಕೆದಾರರಿರುವ ಕಂಪನಿಗಳಿಗೆ 2021ರ ನಿಯಮಗಳು ಹೆಚ್ಚುವರಿ ಹೊಣೆ ಹೊರಿಸುತ್ತವೆ, ಸರಿ. ಆದರೆ ದೂರು ಸ್ವೀಕರಿಸುವ ಅಧಿಕಾರಿಯ ಹೆಸರು ಪ್ರಕಟಿಸುವುದು, ಗಡುವಿನೊಳಗೆ ಉತ್ತರಿಸುವುದು ಚಿಕ್ಕವರಿಗೂ ತಪ್ಪಿದ್ದಲ್ಲ. ಕೇಂದ್ರ ಸರ್ಕಾರದ ನಿರ್ಬಂಧ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರ್‌ಗೆ 2023ರ ಜೂನ್‌ನಲ್ಲಿ ನಮ್ಮ ಹೈಕೋರ್ಟ್ 50 ಲಕ್ಷ ರೂಪಾಯಿ ದಂಡ ಹಾಕಿತು. ಕಂಪನಿಗೆ ವಕೀಲರಿದ್ದಾರೆ. ಮೈಸೂರಿನಲ್ಲೋ ಉಡುಪಿಯಲ್ಲೋ ರಾತ್ರಿ ಕೆಲಸ ಮುಗಿಸಿ ಸರ್ವರ್ ನೋಡಿಕೊಳ್ಳುವ ಹುಡುಗಿಯ ಮನೆಗೆ ನೋಟಿಸ್ ಬಂದರೆ ಅವಳ ಬೆನ್ನಿಗೆ ನೋಂದಾಯಿತ ಸಂಘವಾದರೂ ಇರಬೇಕು.

ಮ್ಯಾಸ್ಟೊಡಾನ್‌ನ ಅಧಿಕೃತ ಪಟ್ಟಿಯಲ್ಲಿ ಸೇರುವ ಸರ್ವರ್‌ಗಳು ಒಂದು ಒಡಂಬಡಿಕೆಗೆ ಒಪ್ಪಬೇಕು: ದ್ವೇಷದ ವಿರುದ್ಧ ಸಕ್ರಿಯ ಮಾಡರೇಶನ್, ದಿನಾ ಬ್ಯಾಕಪ್, ತುರ್ತಿಗೆ ಸರ್ವರ್ ಪ್ರವೇಶವಿರುವ ಇನ್ನೊಬ್ಬ ವ್ಯಕ್ತಿ, ಮುಚ್ಚುವುದಾದರೆ ಮೂರು ತಿಂಗಳ ಮುನ್ಸೂಚನೆ. ಒಳ್ಳೆಯ ಷರತ್ತುಗಳು. ಪಾಲನೆಯಾಗುತ್ತಿವೆಯೇ ಎಂದು ನೋಡುವ ಹಕ್ಕು ಬಳಕೆದಾರನಿಗೆ ಅದರಲ್ಲಿ ಇಲ್ಲ. ಹಾಗಾಗಿ ಈ ಜಾಲದಲ್ಲಿರುವ ಕನ್ನಡಿಗರಲ್ಲಿ ನನ್ನ ಕೋರಿಕೆ: ನಿಮ್ಮ ಸರ್ವರ್‌ನ ಅಡ್ಮಿನ್‌ಗೆ ಈ ವಾರವೇ ಬರೆಯಿರಿ. ತಿಂಗಳ ಖರ್ಚೆಷ್ಟು, ಪಾಸ್‌ವರ್ಡ್ ಇನ್ನೊಬ್ಬರ ಹತ್ತಿರ ಇದೆಯೇ, ಬ್ಯಾಕಪ್ ಎಲ್ಲಿದೆ, ಯಾವ ಸರ್ವರ್‌ಗಳನ್ನು ಏಕೆ ಬ್ಲಾಕ್ ಮಾಡಿದ್ದೀರಿ ಎಂದು ಕೇಳಿ. ಉತ್ತರ ಬಂದರೆ ಖರ್ಚಿನಲ್ಲಿ ನಿಮ್ಮ ಪಾಲು ಕೊಡಿ. ಬರದಿದ್ದರೆ, ಆ ಸರ್ವರ್ ಇನ್ನೂ ನಡೆಯುತ್ತಿರುವಾಗಲೇ ನಿಮ್ಮ ಖಾತೆಯನ್ನು ಬೇರೆಡೆಗೆ ಸಾಗಿಸಿಕೊಳ್ಳಿ.